ಬಾಲ್ಕನಿಯಿಂದ ಗಣಕದ ಪರದೆಗೆ



ನಿಮ್ಮ ಫ್ಲಾಟಿನ ಬಾಲ್ಕನಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಸಂಜೆ ಹೊತ್ತು ಅಲ್ಲಿ ಇಬ್ಬರು ಕುರ್ಚಿ ಹಾಕಿ ಕೂರುತ್ತೀರೋ, ಇಲ್ಲಾ ಹಳೆಯ ಸಾಮಾನು ತುಂಬಿ ಬಾಗಿಲು ಮುಚ್ಚಿದ್ದೀರೋ? ಆರು ಅಡಿಗಿಂತ ಕಡಿಮೆ ಅಗಲದ ಬಾಲ್ಕನಿಯನ್ನು ಜನ ಬಳಸುವುದೇ ಅಪರೂಪ ಎಂದು ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಅವರ ಸಂಗಡಿಗರು 1977ರಲ್ಲೇ ಬರೆದಿದ್ದರು. ‘ಎ ಪ್ಯಾಟರ್ನ್ ಲಾಂಗ್ವೇಜ್’ ಎಂಬ ಆ ಪುಸ್ತಕದಲ್ಲಿ ಊರಿನ ರಚನೆಯಿಂದ ಹಿಡಿದು ಕಿಟಕಿ ಪಕ್ಕದ ಆಸನದವರೆಗೆ 253 ಮಾದರಿಗಳಿವೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಸಮಸ್ಯೆ, ಒಂದು ಪರಿಹಾರ. ಮನೆ ಕಟ್ಟುವಾಗ ಅದರಲ್ಲಿ ವಾಸಿಸುವವರಿಗೂ ಮಾತನಾಡಲು ಬರಬೇಕು ಎಂಬುದೇ ಇದರ ಉದ್ದೇಶ.

ಅಲೆಕ್ಸಾಂಡರ್ ನಮ್ಮ ದೇಶಕ್ಕೆ ಹೊಸಬರೇನಲ್ಲ. ಗುಜರಾತಿನ ಹಳ್ಳಿಯೊಂದರಲ್ಲಿ ಅವರು ಕೆಲಕಾಲ ಇದ್ದರು. 1964ರ ತಮ್ಮ ಪುಸ್ತಕದಲ್ಲಿ ಭಾರತದ ಒಂದು ಹಳ್ಳಿಯನ್ನೇ ಉದಾಹರಣೆಯಾಗಿಟ್ಟುಕೊಂಡು, ಅಲ್ಲಿನ 141 ಅಗತ್ಯಗಳನ್ನು ಪಟ್ಟಿಮಾಡಿದರು.

ಇದಕ್ಕೂ ಸಾಫ್ಟ್‌ವೇರಿಗೂ ಏನು ನಂಟು ಅಂತೀರಾ? ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಮತ್ತು ಕೆಂಟ್ ಬೆಕ್ 1987ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಒಂದು ಪ್ರೋಗ್ರಾಮಿನ ಪರದೆ ಹೇಗಿರಬೇಕೆಂದು ತಾವು ನಿರ್ಧರಿಸದೆ, ಅದನ್ನು ಬಳಸುವವರ ಪ್ರತಿನಿಧಿಗಳ ಕೈಗೇ ಕೊಟ್ಟರು. ಜೊತೆಗೆ ಕಲಿಸಿದ್ದು ಐದೇ ಮಾದರಿ. ಒಂದು ಕೆಲಸಕ್ಕೆ ಒಂದು ವಿಂಡೋ, ಮೆನು ಚಿಕ್ಕದಿರಲಿ, ಹೀಗೆ. ಅಷ್ಟರಿಂದಲೇ ಅವರು ಒಳ್ಳೆಯ ವಿನ್ಯಾಸ ಮಾಡಿಕೊಟ್ಟರು.

ಮುಂದೆ 1994ರಲ್ಲಿ ನಾಲ್ವರು ಲೇಖಕರ ‘ಡಿಸೈನ್ ಪ್ಯಾಟರ್ನ್ಸ್’ ಬಂತು. ಅದರ 23 ಮಾದರಿಗಳು ಜಗತ್ತಿನಾದ್ಯಂತ ಪ್ರೋಗ್ರಾಮರುಗಳ ಬಾಯಿಪಾಠವಾದವು. ಆದರೆ ಅದು ಪ್ರೋಗ್ರಾಮರುಗಳು ತಮ್ಮತಮ್ಮಲ್ಲೇ ಆಡುವ ಮಾತಾಯಿತು. ಬಳಸುವವನು ಮತ್ತೆ ಹೊರಗುಳಿದ. 1996ರಲ್ಲಿ ಸ್ಯಾನ್ ಹೋಸೆಯ ಸಮ್ಮೇಳನದಲ್ಲಿ ಮಾತನಾಡಿದ ಅಲೆಕ್ಸಾಂಡರ್ ಸಾಫ್ಟ್‌ವೇರ್ ತಜ್ಞರ ಮುಂದೆ ಇಟ್ಟದ್ದು ಇದೇ ಬಗೆಯ ಪ್ರಶ್ನೆ: ನಿಮ್ಮ ಕೆಲಸದಿಂದ ಮನುಷ್ಯರ ಬದುಕು ಹಸನಾಗುತ್ತಿದೆಯೇ? ಅವರು 2022ರಲ್ಲಿ ತೀರಿಕೊಂಡರು. ಪ್ರಶ್ನೆ ಮಾತ್ರ ಹಾಗೇ ಇದೆ.

ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಈ ಕೆಲಸದಲ್ಲಿರುವ ಕೇಳುಗರು ನಮ್ಮಲ್ಲಿ ಅನೇಕರಿದ್ದೀರಿ. ನಿಮಗೊಂದು ವಿನಂತಿ. ಆಸ್ಪತ್ರೆಗೆ ಸಾಫ್ಟ್‌ವೇರ್ ಮಾಡುವುದಾದರೆ ಅರ್ಧ ದಿನ ಚೀಟಿ ಕೊಡುವ ಕೌಂಟರಿನ ಹಿಂದೆ ಕೂತು ನೋಡಿ. ಅಲ್ಲಿಯವರು ಒಂದು ಕೆಲಸಕ್ಕೆ ಯಾವ ಹೆಸರು ಹೇಳುತ್ತಾರೋ ಅದೇ ಹೆಸರು ಪರದೆಯ ಮೇಲೂ ಇರಲಿ. ನಿಮ್ಮ ನಕ್ಷೆ ಒಂದೇ ಹಾಳೆಯಲ್ಲಿರಲಿ. ಅದನ್ನು ನೀವು ವಿವರಿಸಬೇಡಿ, ಅವರೇ ನಿಮಗೆ ವಿವರಿಸಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ನಿಮ್ಮದು.

ಪರ ಊರಿಗೆ ಬಂದು ಅಲ್ಲಿನ ಭಾಷೆ ಕಲಿತು ಬಾಳುತ್ತಿರುವವರು ನಾವು. ತರಕಾರಿಯವನ ಮಾತು ಕಲಿಯದೆ ಸಂತೆ ಮುಗಿಯದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಆ ಬುದ್ಧಿಯನ್ನೇ ಆಫೀಸಿಗೂ ಒಯ್ಯೋಣ.