ವಿದ್ಯಾಶಾಲೆಗಳೂ ಸ್ವತಂತ್ರವಿಚಾರವೂ



ಬಾಯಿಪಾಠವು ಬುದ್ಧಿಯನ್ನು ಮಂಕುಗೊಳಿಸುವುದೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕೂಡ ಶಾಲೆಗಳು ಕಂಠಪಾಠದ ಪದ್ಧತಿಯಿಂದ ದೂರ ಸರಿಯಬೇಕೆಂದಿತು. ಇದು ಅರ್ಧ ಸತ್ಯ. ಉಳಿದರ್ಧವನ್ನು ಹಳೆಯ ಸಂಸ್ಕೃತ ಪಾಠಶಾಲೆಗಳ ತರ್ಕಪಾಠದಲ್ಲಿ ಕಾಣಬಹುದು.

17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಲಕನು ಮೊದಲು ಕಂಠಸ್ಥ ಮಾಡುವನು. ಆ ಬಳಿಕ ಗುರುವಿನ ಪ್ರಶ್ನೆ: ಅಗೋ, ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಅಲ್ಲಿ ಬೆಂಕಿಯಿದೆಯೆನ್ನಬಹುದೋ? ಶಿಷ್ಯನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳಲ್ಲಿ ಮಾತನ್ನು ಜೋಡಿಸಿ, ಅಡಿಗೆಮನೆಯನ್ನು ಉದಾಹರಣೆಯಾಗಿ ಕೊಡುವನು. ಇದಿಷ್ಟೂ ಗ್ರಂಥದಲ್ಲಿರುವುದೇ. ಒಡನೆಯೇ ಗುರುವು ಮಾತನ್ನು ತಿರುಗಿಸುವನು: ಹಾಗಾದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೋ? ಅವಸರದವನು ಹೌದೆಂದು ಸಿಕ್ಕಿಬೀಳುವನು. ಕುಲುಮೆಯ ಮುಂದೆ ನಿಂತು ನೋಡಿದವನಿಗೆ ಕೆಂಪಗೆ ಕಾದ ಕಬ್ಬಿಣದ ಗುಂಡು ನೆನಪಾಗುವುದು; ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿಸೌದೆಯ ಸಂಬಂಧವೂ ಬೇಕೆಂಬ ‘ಉಪಾಧಿ’ಯು ಆಗ ಅವನ ಬುದ್ಧಿಗೆ ಹೊಳೆಯುವುದು. ಇನ್ನು ಬೆಳಗಿನ ಮಂಜನ್ನೇ ಹೊಗೆಯೆಂದು ಬಗೆದಿದ್ದರೋ? ಹೇತುವೇ ಅಸಿದ್ಧವಾಗಿ, ಕಟ್ಟಿದ ಅನುಮಾನವೆಲ್ಲ ಕುಸಿದುಬೀಳುವುದು. ಕಂಠದಲ್ಲಿ ನಿಂತ ಸೂತ್ರವು ಇಂತಹ ಶೋಧನೆಗೆ ಸಾಧನವೇ ಹೊರತು ವಿಘ್ನವಲ್ಲ.

ಮೀಮಾಂಸಕರ ಅಧಿಕರಣಕ್ಕಿರುವ ಐದು ಅಂಗಗಳಲ್ಲಿ ಎರಡನೆಯದೇ ಸಂಶಯ. ಸಂಶಯಪಡದವನಿಗೆ ಅಲ್ಲಿ ಮುಂದಿನ ಮೆಟ್ಟಿಲಿಲ್ಲ. ವಾಕ್ಯಾರ್ಥಸಭೆಯಲ್ಲಿಯೂ ಪ್ರತಿವಾದಿಯ ಪಕ್ಷವನ್ನು ನ್ಯಾಯವಾಗಿ ನಿರೂಪಿಸಿದ ಬಳಿಕವೇ ಖಂಡನೆಗೆ ತೊಡಗುವುದು ಮರ್ಯಾದೆ.

ಆದರೆ ಆ ಪಾಠಶಾಲೆಗಳ ಕೊರತೆಯನ್ನು ಮರೆಮಾಚಲಾಗದು. ಸಿದ್ಧಾಂತವು ಮೊದಲೇ ನಿಶ್ಚಿತವಾಗಿದ್ದಲ್ಲಿ ಪೂರ್ವಪಕ್ಷವೂ ಬಾಯಿಪಾಠವಾಗಿ, ಪಾಪ, ಎದುರಾಳಿಯು ವರ್ಷವರ್ಷವೂ ಅದೇ ಮಾತಿಗೆ ಸೋಲುತ್ತಿದ್ದನು. ಹೆಣ್ಣುಮಕ್ಕಳಿಗೂ ಕಾಯಕದ ಕುಲಗಳವರಿಗೂ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಕಾದ ಕಬ್ಬಿಣವನ್ನು ದಿನವೂ ನೋಡುವ ಕಮ್ಮಾರನ ಮಗನೇ ಹೊರಗೆ ನಿಂತಿದ್ದನು!

ಶರಣರ ಕಥನಗಳಲ್ಲಿ ಈ ಬಾಗಿಲು ತೆರೆದಿದೆ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಎಂತಹ ಹಿರಿಯರನ್ನೂ ಪ್ರಶ್ನಿಸದೆ ಬಿಡರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ತಾಯಿಯವರು ಅದನ್ನು ತಂದಲ್ಲಿಯೇ ಸುರಿದು ಬರಹೇಳಿದ ಸಂಗತಿ ಎಲ್ಲರಿಗೂ ತಿಳಿದುದೇ. ಪತಿಯೆಂಬ ಗೌರವವು ಆಕೆಯ ವಿವೇಕಕ್ಕೆ ಅಡ್ಡಬರಲಿಲ್ಲ. ಪ್ರಶ್ನೆಗೊಳಗಾದ ಮಾರಯ್ಯನವರ ಹಿರಿಮೆಯೂ ಕುಂದಲಿಲ್ಲ. ಇಂದಿನ ಶಾಲೆಗಳಲ್ಲಿ ದುರ್ಲಭವಾಗಿರುವುದು ಈ ಎರಡನೆಯ ಗುಣವೇ.

ಗೈಡಿನ ಉತ್ತರವನ್ನು ಬಿಟ್ಟು ತನ್ನದನ್ನು ಬರೆದರೆ ಅಂಕ ಹೋದೀತೆಂಬ ಅಂಜಿಕೆ ಮಕ್ಕಳಿಗುಂಟು. ಅದು ಹೋಗುವುದಕ್ಕೆ ಹೊಸ ಕಟ್ಟಡವೇನೂ ಬೇಡ. ಪಾಠ ಮುಗಿದ ಮೇಲೆ, “ಈ ಮಾತು ಎಲ್ಲಿ ಸಲ್ಲದು? ಉದಾಹರಣೆ ಕೊಡಿ” ಎಂದು ಉಪಾಧ್ಯಾಯರು ಕೇಳಲಿ. ಪುಸ್ತಕದಲ್ಲಿಲ್ಲದ ಸರಿಯುತ್ತರ ಬಂದರೆ ಪೂರ್ಣ ಅಂಕ ಕೊಡಲಿ. ಯಾವಳೋ ಒಬ್ಬ ಹುಡುಗಿಯ ಪ್ರಶ್ನೆಗೆ ಉತ್ತರ ತೋಚದ ದಿನ, “ಗ್ರಂಥವನ್ನು ನೋಡಿ ನಾಳೆ ಹೇಳುವೆನಮ್ಮಾ” ಎಂದು ತುಂಬಿದ ತರಗತಿಯಲ್ಲಿಯೇ ಒಪ್ಪಿಕೊಂಡು, ಮರುದಿನ ಅವಳನ್ನೇ ಕರೆದು ಹೇಳತಕ್ಕದ್ದು.