ಓದುವ ಮಕ್ಕಳ ದುಡಿಮೆ: ಕಂಪೆನಿಗಳನ್ನು ನಾವು ಕೇಳಬೇಕಾದದ್ದು

(ಹ್ಯಾಂಡ್‌ಪೋಸ್ಟ್‌ನಲ್ಲಿ ನಡೆದ ವಿದ್ಯಾರ್ಥಿ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಓದುತ್ತಾ ದುಡಿಯುವುದು ಈ ಸಭೆಯಲ್ಲಿರುವ ಯಾರಿಗೂ ಹೊಸ ವಿಷಯವಲ್ಲ. ಬೆಳಗಿನ ಜಾವ ಪತ್ರಿಕೆ ಹಂಚಿ ಕಾಲೇಜಿನ ಬಸ್ಸು ಹಿಡಿಯುವವರು, ಸಂಜೆ ಗ್ಯಾರೇಜಿನಲ್ಲೋ ಬೇಕರಿಯಲ್ಲೋ ನಿಲ್ಲುವವರು, ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಮುಂದೆ ರಾತ್ರಿ ಕಳೆದು ತರಗತಿಯಲ್ಲಿ ತೂಕಡಿಸುವವರು ನಮ್ಮ ನಡುವೆಯೇ ಇದ್ದಾರೆ. ಮಕ್ತಬ್‌ನಲ್ಲಿ ಪಾಠ ಹೇಳಿ ಬಂದ ಹಣದಿಂದ ಪದವಿ ಪರೀಕ್ಷೆಯ ಶುಲ್ಕ ಕಟ್ಟಿದವರೂ ಇದ್ದಾರೆ. ಆದ್ದರಿಂದ ವಿದ್ಯಾರ್ಥಿಯು ದುಡಿಯಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಅನಗತ್ಯ. ಅವನು ದುಡಿಯುತ್ತಿದ್ದಾನೆ. ಆ ದುಡಿಮೆ ಅವನ ಓದನ್ನು ಪೋಷಿಸುತ್ತಿದೆಯೋ, ನುಂಗುತ್ತಿದೆಯೋ ಎಂಬುದೇ ಪ್ರಶ್ನೆ.

ನಾವು ಕಂಡಂತೆ, ಬಹುಮಟ್ಟಿಗೆ ನುಂಗುತ್ತಿದೆ. ಮೊದಲು ಸಂಜೆಯ ಎರಡು ಗಂಟೆ, ಬಳಿಕ ಶನಿವಾರ, ಬಳಿಕ ಪರೀಕ್ಷೆಯ ಹಿಂದಿನ ವಾರ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಹುಡುಗನು ಹಾಜರಿ ಪುಸ್ತಕದಲ್ಲಿ ಬರೀ ಹೆಸರಾಗಿ ಉಳಿದಿರುತ್ತಾನೆ. ಅಂಗಡಿಯ ಮಾಲೀಕನನ್ನು ದೂರಿ ಪ್ರಯೋಜನವಿಲ್ಲ. ಅವನಿಗೂ ಕಾಲೇಜಿಗೂ ಯಾವ ಒಪ್ಪಂದವೂ ಇಲ್ಲ.

ಒಪ್ಪಂದಗಳಿರುವುದು ದೊಡ್ಡ ಕಂಪೆನಿಗಳಿಗೆ. ಇಲ್ಲಿಂದ ಸುಮಾರು 50 ಕಿ.ಮೀ. ದೂರದ ಮೈಸೂರಿನಲ್ಲಿ ಇನ್ಫೋಸಿಸ್‌ನ ಬೃಹತ್ ತರಬೇತಿ ಕೇಂದ್ರವಿದೆ. ಆ ಕಂಪೆನಿಯು 2004ರಲ್ಲಿ ‘ಕ್ಯಾಂಪಸ್ ಕನೆಕ್ಟ್’ ಎಂಬ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳೊಂದಿಗೆ ಸಹಭಾಗಿತ್ವ ಆರಂಭಿಸಿ, ತನ್ನ ಪಠ್ಯಸಾಮಗ್ರಿಯನ್ನು ನೀಡಿತು, ಅಧ್ಯಾಪಕರಿಗೆ ತರಬೇತಿ ಕೊಟ್ಟಿತು. ವಿಪ್ರೋ 1995ರಲ್ಲೇ ಪಿಲಾನಿಯ ಬಿಟ್ಸ್ ಸಂಸ್ಥೆಯ ಜೊತೆ ಸೇರಿ, ವಿಜ್ಞಾನ ಪದವೀಧರರು ಕಂಪೆನಿಯಲ್ಲಿ ದುಡಿಯುತ್ತಲೇ ಸ್ನಾತಕೋತ್ತರ ಪದವಿ ಪಡೆಯುವ ಏರ್ಪಾಡು ಮಾಡಿತು. ಬಿಡದಿಯ ಟೊಯೋಟ ಕಾರ್ಖಾನೆಯ ತರಬೇತಿ ಶಾಲೆ 2007ರಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷ ಕಸುಬು ಕಲಿಸುತ್ತಿದೆ. ಇವೆಲ್ಲವೂ ಶ್ಲಾಘನೀಯ. ಆದರೆ ಕೋಟೆಯಲ್ಲೋ ಪಿರಿಯಾಪಟ್ಟಣದಲ್ಲೋ ಬಿ.ಎ., ಬಿ.ಕಾಂ. ಓದುತ್ತಿರುವ ಹುಡುಗನಿಗೆ ಇವುಗಳಲ್ಲಿ ಯಾವುದರ ಬಾಗಿಲೂ ತೆರೆದಿಲ್ಲ. ಹುಡುಗಿಯ ಮಾತಂತೂ ಬೇಡ. ಮೈಸೂರಿಗೆ ನಿತ್ಯ ಬಸ್ಸಿನಲ್ಲಿ ಹೋಗಿ ಬರಲು ಮನೆಯವರು ಒಪ್ಪುವುದೇ ಕಷ್ಟ.

ಹೊರಗಿನ ಒಂದು ಪದ್ಧತಿಯನ್ನು ತಮ್ಮ ಮುಂದಿಡುತ್ತೇವೆ. ಜರ್ಮನಿಯಲ್ಲಿ ‘ವೆರ್ಕ್‌ಸ್ಟುಡೆಂಟ್’ ಎಂಬ ಹುದ್ದೆಯಿದೆ. ಆ ಪದದ ಅರ್ಥವೇ ದುಡಿಯುವ ವಿದ್ಯಾರ್ಥಿ. ಬೆಂಗಳೂರಿನಲ್ಲೂ ದೊಡ್ಡ ಕಚೇರಿ ಹೊಂದಿರುವ ಸ್ಯಾಪ್ ಕಂಪೆನಿಯ ಕೇಂದ್ರ ಅಲ್ಲಿನ ವಾಲ್ಡಾರ್ಫ್‌ನಲ್ಲಿದೆ. ವಿಶ್ವವಿದ್ಯಾಲಯಗಳೊಂದಿಗಿನ ಸಹಭಾಗಿತ್ವಕ್ಕೆಂದೇ ಅದರಲ್ಲಿ ಒಂದು ವಿಭಾಗವಿದೆ. ಇಂತಹ ವಿಭಾಗಗಳಲ್ಲಿ ಅಧ್ಯಾಪಕರ ಕಾರ್ಯಾಗಾರಕ್ಕೆ ವ್ಯವಸ್ಥೆ ಮಾಡುವುದು, ಕಾಲೇಜುಗಳ ಪತ್ರಗಳಿಗೆ ಉತ್ತರಿಸುವುದು, ಪಟ್ಟಿ ಇಡುವುದು ಮುಂತಾದ ಕೆಲಸಗಳಿಗೆ ಓದುತ್ತಿರುವವರನ್ನೇ ಅರೆಕಾಲಿಕವಾಗಿ ನೇಮಿಸಿಕೊಳ್ಳುವುದುಂಟು. ತರಗತಿಗಳಿರುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಅದರ ಮಿತಿ. ಅದನ್ನು ಮೀರಿದರೆ ವಿದ್ಯಾರ್ಥಿಗೂ ಕಂಪೆನಿಗೂ ಸಾಮಾಜಿಕ ವಿಮೆಯ ವಂತಿಗೆಯಲ್ಲಿರುವ ರಿಯಾಯಿತಿ ತಪ್ಪುತ್ತದೆ. ಹೀಗಾಗಿ ಹುಡುಗನನ್ನು ಹೊತ್ತಿಗೆ ಸರಿಯಾಗಿ ಕಳುಹಿಸಿಕೊಡುವುದರಲ್ಲಿ ಕಂಪೆನಿಗೇ ಲಾಭವಿದೆ! ಸಂಬಳವೂ ಕಾನೂನುಬದ್ಧ ಕನಿಷ್ಠ ವೇತನಕ್ಕಿಂತ ಕಡಿಮೆಯಿರುವಂತಿಲ್ಲ. 2025ರಲ್ಲಿ ಅದು ಗಂಟೆಗೆ 12.82 ಯೂರೋ ಆಗಿತ್ತು. ಓದಿಗೆ ಮೀಸಲಾದ ಗಂಟೆಗಳನ್ನು ಮಾಲೀಕನ ಔದಾರ್ಯಕ್ಕೆ ಬಿಡದೆ ಕಾನೂನೇ ಕಾಯುತ್ತದೆ ಎಂಬುದು ಇಲ್ಲಿ ಗಮನಾರ್ಹ.

ನಮ್ಮಲ್ಲಿ ಕಾನೂನುಗಳಿಲ್ಲವೇ? ಇವೆ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ, 2019ರ ತಿದ್ದುಪಡಿ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಯು ತನ್ನ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದೇ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂ. ಗೊತ್ತುಪಡಿಸಿದವು. 2020ರಲ್ಲಿ ಯುಜಿಸಿಯು ಅಪ್ರೆಂಟಿಸ್‌ಗಿರಿಯನ್ನೇ ಪದವಿಯ ಭಾಗವಾಗಿಸಿ ಅದಕ್ಕೆ ಕ್ರೆಡಿಟ್ ನೀಡಲು ಮಾರ್ಗಸೂಚಿ ಹೊರಡಿಸಿತು. ನಂಜನಗೂಡಿನ ಕಾರ್ಖಾನೆಗಳೂ ಮೈಸೂರಿನ ಕಂಪೆನಿಗಳೂ ಈ ಕಾಯ್ದೆಯ ಹೊರಗಿಲ್ಲ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಇದೇ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳ ರಕ್ಷಣೆ ಅವನಿಗೆ ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಇನ್ನು 2024ರಲ್ಲಿ ಭಾರೀ ಪ್ರಚಾರದೊಂದಿಗೆ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ಆಗ ತಿಂಗಳಿಗೆ 5,000 ರೂ. ಎಂದಿದ್ದುದನ್ನು ಎಲ್ಲರೂ ಕೇಳಿದ್ದಾರೆ. ಪೂರ್ಣಾವಧಿ ಓದಿನಲ್ಲಿರುವವರಿಗೆ ಆಗ ಅದರಲ್ಲಿ ಅವಕಾಶವಿರಲಿಲ್ಲವೆಂಬುದು ಎಷ್ಟು ಜನರಿಗೆ ಗೊತ್ತು? ಕಾಲೇಜು ಬಿಟ್ಟು ಅದನ್ನು ಹಿಡಿಯಲು ಹೊರಡುವವರು ಷರತ್ತುಗಳನ್ನು ಓದಿಕೊಳ್ಳಲಿ.

ಹಾಗಾದರೆ ನಾವು ಕೇಳಬೇಕಾದದ್ದೇನು? 2013ರ ಕಂಪೆನಿ ಕಾಯ್ದೆಯ 135ನೇ ಕಲಮು, ನಿಗದಿತ ಮಟ್ಟ ಮೀರಿದ ಕಂಪೆನಿಗಳು ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆನ್ನುತ್ತದೆ. ತಾನಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಹೇಳುತ್ತದೆ. ಶಿಕ್ಷಣ ಆ ಪಟ್ಟಿಯಲ್ಲಿದೆ. ಮೈಸೂರಿನ ಕಂಪೆನಿಗೆ ಕೋಟೆ, ಹುಣಸೂರು, ಕೆ.ಆರ್. ನಗರ ಪರದೇಶವೇನಲ್ಲ. ಅದು ನಮ್ಮ ಪದವಿ ಕಾಲೇಜುಗಳೊಂದಿಗೂ ಒಪ್ಪಂದ ಮಾಡಿಕೊಳ್ಳಲಿ. ಕಂಪ್ಯೂಟರ್ ದಾನ ಮಾಡಿ ಫೋಟೋ ತೆಗೆಸಿಕೊಂಡು ಹೋಗುವ ಒಪ್ಪಂದ ಬೇಡ. ಕಾಲೇಜಿನಲ್ಲೇ ಕುಳಿತು ಮಾಡುವಂತಹ ಕೆಲವು ಅರೆಕಾಲಿಕ, ಸಂಬಳದ ಹುದ್ದೆಗಳನ್ನು ವಿದ್ಯಾರ್ಥಿಗಳಿಗೇ ಮೀಸಲಿಡುವ ಒಪ್ಪಂದ ಬೇಕು. ಕೆಲಸಕ್ಕೇನು ಕೊರತೆ? ಕಂಪೆನಿಗಳ ಪಾಠಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಅವನ್ನು ನಮ್ಮ ಮಕ್ಕಳಿಗೆ ಅರ್ಥವಾಗುವ ಕನ್ನಡಕ್ಕೆ ತರಬೇಕು. ಮೊದಲ ವರ್ಷದವರ ಪಕ್ಕ ಕುಳಿತು ನೋಂದಣಿ ಮಾಡಿಸಬೇಕು. ಯಾರು ಎಲ್ಲಿ ನಿಂತಿದ್ದಾರೆಂದು ಲೆಕ್ಕವಿಡಬೇಕು. ಇದು ಬಿ.ಎ. ಓದಿದವರು ಚೆನ್ನಾಗಿ ಮಾಡಬಲ್ಲ ಕೆಲಸ. (ಕಲಾ ಪದವಿಯೆಂದರೆ ಮೂಗು ಮುರಿಯುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇವೆ.) ಮೈಸೂರಿಗೆ ಕಳುಹಿಸಲಾಗದ ಹೆಣ್ಣುಮಕ್ಕಳಿಗೂ ಈ ಹುದ್ದೆ ಎಟುಕುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳು ಯಾವುದೇ ಕಂಪೆನಿಯ ಕಾಗದ ತಂದು ಸಹಿ ಕೇಳಿದಾಗ ಸಂಬಳದ ಅಂಕಿಯೊಂದನ್ನೇ ನೋಡಬೇಡಿ. ವಾರಕ್ಕೆ ಎಷ್ಟು ಗಂಟೆ ಎಂದು ಬರೆದಿದೆಯೇ? ಪರೀಕ್ಷೆಯ ದಿನಗಳಲ್ಲಿ ಬಿಡುವು ಉಂಟೇ? ಕಾಲೇಜಿನ ಸಹಿ ಇದೆಯೇ, ಕ್ರೆಡಿಟ್ ಸಿಗುವುದೇ? ಇಷ್ಟು ವರ್ಷ ಬಿಟ್ಟು ಹೋಗಬಾರದು, ಹೋದರೆ ಹಣ ಕಟ್ಟಬೇಕು ಎಂಬ ಷರತ್ತು ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇದೆಯೇ? ಇಂಗ್ಲಿಷ್ ಅರ್ಥವಾಗದಿದ್ದರೆ ಕಾಲೇಜಿನ ಅಧ್ಯಾಪಕರಿಂದ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ತರಬೇತಿಗೆ ಮುಂಗಡ ಹಣ ಕೇಳುವವರನ್ನು ಮನೆ ಬಾಗಿಲಿನಿಂದಲೇ ಕಳುಹಿಸಿಬಿಡಿ.

ಕಂಪೆನಿಗಳಿಗೆ ಮತ್ತು ಪ್ರಾಂಶುಪಾಲರಿಗೆ ಸಲ್ಲಿಸಬೇಕಾದ ಮನವಿಯ ಕರಡನ್ನು ವೇದಿಕೆಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇವೆ. ಗಂಟೆಗಳ ಮಿತಿಯನ್ನು ಅದರಲ್ಲಿ ಖಾಲಿ ಬಿಡಲಾಗಿದೆ. ಎಷ್ಟು ಗಂಟೆ ದುಡಿದರೆ ಓದು ಉಳಿಯುತ್ತದೆಂದು ಬಲ್ಲವರು ವಿದ್ಯಾರ್ಥಿಗಳೇ ಆದ್ದರಿಂದ ಆ ಸಂಖ್ಯೆಯನ್ನು ಅವರೇ ಚರ್ಚಿಸಿ ಬರೆಯಲಿ.