ತರುಣರ ಬೆನ್ನಿಗೆ ನಿಲ್ಲುವದೆಂದರೆ

(ಶಿಕ್ಷಕರ ಹಾಗೂ ತರುಣ ಕಾರ್ಯಕರ್ತರ ಕೂಟದಲ್ಲಿ ಮಾಡಿದ ಭಾಷಣ)



ತರುಣರಿಗೆ ಉಪದೇಶ ಮಾಡುವವರಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಸಭೆ ಕೂಡಿದಲ್ಲೆಲ್ಲ ಹಾರ ತುರಾಯಿಗಳೊಡನೆ ಉಪದೇಶವೂ ಧಾರಾಳವಾಗಿ ದೊರೆಯುವದು. ಆದರೆ ಶಾಲೆ ಬಿಟ್ಟು ಅಲೆಯುತ್ತಿರುವ ಒಬ್ಬ ಹುಡುಗನ ಮನೆಯ ಬಾಗಿಲಿಗೆ ಹೋಗಿ, ಅವನನ್ನು ಹೆಸರು ಹಿಡಿದು ಕರೆಯುವವರು ನಮ್ಮಲ್ಲಿ ಎಷ್ಟು ಜನ? ಇಂದು ನಾವು ತಮ್ಮ ಮುಂದಿಡುವ ಪ್ರಶ್ನೆ ಇದೊಂದೇ.

ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಬಡ ವಿದ್ಯಾರ್ಥಿಯೊಬ್ಬನು ವಾರಕ್ಕೆ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಪದ್ಧತಿಯನ್ನು ತಾವು ಬಲ್ಲಿರಿ. ಅದು ಬಹುಮಟ್ಟಿಗೆ ಜಾತಿಯ ಅಂಗಳವನ್ನು ದಾಟಲಿಲ್ಲವೆಂಬ ದೋಷ ನಿಜ. ಆದರೂ ಹುಡುಗನೊಬ್ಬನು ಊಟಕ್ಕೆ ಬಾರದಿದ್ದರೆ ‘ಏಕೆ ಬರಲಿಲ್ಲ?’ ಎಂದು ಕೇಳುವ ಮನೆಗಳು ಆಗ ಇದ್ದವು. ಮುಂದೆ ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರು ೧೯೨೩ರ ಕಾಕಿನಾಡಾ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದುಸ್ತಾನೀ ಸೇವಾದಳವನ್ನು ಕಟ್ಟಲು ಮುಂದಾದರು. ಅಮೇರಿಕೆಯಲ್ಲಿ ವ್ಯಾಸಂಗ ಮಾಡಿ ಬಂದ ಅವರು ತರುಣರಿಗೆ ಬರಿಯ ಭಾಷಣ ಕೊಡಲಿಲ್ಲ. ಕವಾಯತು, ಶಿಬಿರ, ಸೇವೆಗಳ ಹೊಣೆಯನ್ನು ಕೊಟ್ಟರು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದಾಗ ಆ ಶಿಸ್ತಿನ ಬೆಲೆ ಎಲ್ಲರಿಗೂ ತಿಳಿಯಿತು. ಹೊಣೆ ಹೊತ್ತ ಹೆಗಲು ತಾನಾಗಿ ನೆಟ್ಟಗಾಗುವದು.

ಇಂದಿನ ಸ್ಥಿತಿಯನ್ನು ನೋಡೋಣ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯು ೬ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ೨೦೧೬ರ ತಿದ್ದುಪಡಿಯ ತರುವಾಯ ಬಾಲಕಾರ್ಮಿಕ ಕಾಯದೆಯು ೧೪ರಿಂದ ೧೮ ವರ್ಷದವರನ್ನು ಅಪಾಯದ ಉದ್ಯೋಗಗಳಿಂದ ಮಾತ್ರ ದೂರವಿಡುವದು. ಹೀಗೆ ೧೪ ದಾಟಿದ ಹುಡುಗನನ್ನು ಶಾಲೆಯು ಕಡ್ಡಾಯವಾಗಿ ಹಿಡಿದಿಡದು. ದುಡಿಮೆ ಅವನನ್ನು ಕೈಬೀಸಿ ಕರೆಯುವದು. ಈ ನಾಲ್ಕು ವರ್ಷಗಳ ಬಯಲಿನಲ್ಲಿಯೇ ಬಹು ಜನ ತರುಣರ ದಾರಿ ಕವಲೊಡೆಯುವದು. ಅಲ್ಲಿ ನಿಲ್ಲಬೇಕಾದವರು ನಾವು.

ನಾವು ಹೇಗೆ ನಿಂತೆವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವೆವು. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಗ್ಯಾರೇಜು ಸೇರಿದ ಒಬ್ಬ ಹುಡುಗನನ್ನು ನಮ್ಮ ವಾಚನಾಲಯಕ್ಕೆ ಕರೆದೆವು. ‘ರವಿವಾರ ಬಾ, ಪಾಠ ಹೇಳಿಕೊಡುವೆವು’ ಎಂದೆವು. ಅವನು ಬಂದನು, ಬಾಗಿಲಿಗೆ ಬೀಗವಿತ್ತು. ನಾವು ಅಂದು ತರುಣರ ಏಳಿಗೆಯ ಕುರಿತೇ ಒಂದು ಸಭೆಗೆ ಹೋಗಿದ್ದೆವು! ಮರುವಾರವೂ ಹಾಗೆಯೇ ಆಯಿತು. ಮೂರನೆಯ ವಾರ ಅವನು ಬರಲಿಲ್ಲ. ಕೆಲವು ತಿಂಗಳ ಮೇಲೆ ಅವನು ಮಟಕಾದವರ ಚೀಟಿ ಒಯ್ಯುವನೆಂದು ಕೇಳಿದೆವು. ಆಗ ನಮ್ಮಲ್ಲಿಯ ನಿವೃತ್ತ ಮಾಸ್ತರರೊಬ್ಬರು ತಾವೇ ಗ್ಯಾರೇಜಿಗೆ ಹೋದರು. ಹುಡುಗನು ತಲೆಯೆತ್ತದೆ, ‘ಸರ, ಈ ಸಲ ಎಷ್ಟು ದಿವಸ ಬರ್ತೀರಿ?’ ಎಂದು ಕೇಳಿದನು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮಾಸ್ತರರು ಉತ್ತರ ಕೊಡಲಿಲ್ಲ. ಮರುದಿನ ಮತ್ತೆ ಹೋದರು. ಎರಡು ತಿಂಗಳು ಹೋದರು. ಕೊನೆಗೆ ವಾಚನಾಲಯದ ಬೀಗದ ಕೈಯನ್ನೇ ಅವನಿಗೆ ಒಪ್ಪಿಸಿದರು. ‘ಚೀಟಿಯವರ ಹುಡುಗನಿಗೆ ಬೀಗದ ಕೈಯೆ?’ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿದರು. ಅಂದಿನಿಂದ ಒಂದು ದಿನವೂ ಬಾಗಿಲು ತಡವಾಗಿ ತೆರೆದಿಲ್ಲ. ಅವನು ಚೀಟಿ ಬಿಟ್ಟಿದ್ದಾನೆ. ಪರೀಕ್ಷೆಯಲ್ಲಿ ಗಣಿತವೊಂದು ಇನ್ನೂ ಉಳಿದಿದೆ. ಗ್ಯಾರೇಜಿನ ಕೆಲಸವೂ ನಡೆದಿದೆ.

ಬಂಧುಗಳೆ, ಇದರಿಂದ ನಾವು ಕಲಿತದ್ದು ಅಲ್ಪ. ಆದರೆ ದುಬಾರಿಯ ಬೆಲೆ ತೆತ್ತು ಕಲಿತದ್ದು. ನಡೆಸಲಾಗದ ಮಾತನ್ನು ಹುಡುಗರಿಗೆ ಕೊಡತಕ್ಕದ್ದಲ್ಲ. ಹತ್ತು ಜನರ ಉದ್ಧಾರಕ್ಕೆ ಹೊರಡುವದಕ್ಕಿಂತ ಒಬ್ಬನಿಗೆ ಹೇಳಿದ ಹೊತ್ತಿಗೆ ಹಾಜರಿರುವದು ಮೇಲು. ತಾಯಿತಂದೆಗಳಿಗೆ ತಿಳಿಸಿ, ನಾಲ್ಕು ಜನ ಕಾಣುವ ಸ್ಥಳದಲ್ಲಿಯೇ ಹುಡುಗ ಹುಡುಗಿಯರೊಡನೆ ಕೂಡಬೇಕು. ಇದು ಅವರ ರಕ್ಷಣೆಗೂ ನಮ್ಮ ಮರ್ಯಾದೆಗೂ ಅವಶ್ಯ. ವ್ಯಸನ, ಮನೋವ್ಯಥೆ, ಮನೆಯೊಳಗಿನ ಹಿಂಸೆ ಇಂಥವು ನಮ್ಮ ಕೈಮೀರಿದ ಸಂಗತಿಗಳು. ಅಲ್ಲಿ ವೈದ್ಯರನ್ನು ಕಾಣಬೇಕು. ೧೮ರ ಒಳಗಿನವರ ರಕ್ಷಣೆಗೆ ೧೦೯೮ ಎಂಬ ಮಕ್ಕಳ ಸಹಾಯವಾಣಿಯುಂಟು. ನಮ್ಮಿಂದಾಗದ್ದನ್ನು ಆಗದೆಂದು ಒಪ್ಪುವದೂ ಸೇವೆಯೇ.

ತಮ್ಮಲ್ಲಿ ನಮ್ಮ ಬೇಡಿಕೆ ಇಷ್ಟೇ. ಈ ಸಭೆ ಮುಗಿದು ಮನೆಗೆ ಹೋಗುವ ದಾರಿಯಲ್ಲಿ, ಹಾಜರಿ ಪುಸ್ತಕದಿಂದ ಅಳಿದುಹೋದ ಒಂದು ಹೆಸರನ್ನು ನೆನೆಯಿರಿ. ನಾಳೆ ಆ ಮನೆಗೆ ಹೋಗಿರಿ. ನಾಡದ್ದೂ ಹೋಗಿರಿ. ‘ಈ ಸಲ ಎಷ್ಟು ದಿವಸ ಬರ್ತೀರಿ?’ ಎಂಬ ಪ್ರಶ್ನೆ ತಮ್ಮನ್ನೂ ಎದುರಿಸುವದು. ಅದಕ್ಕೆ ಬಾಯಿಂದಲ್ಲ, ಕಾಲಿನಿಂದ ಉತ್ತರ ಕೊಡತಕ್ಕದ್ದು.